ಅಧ್ಯಕ್ಷರು ತೀರ್ಮಾನವನ್ನು ಮುಂದೂಡುತ್ತಲೇ ಇದ್ದರೆ ಕಾರ್ಯದರ್ಶಿ ಏನು ಮಾಡಬಹುದು?

ನಿಮ್ಮ ಸಹಕಾರ ಸಂಘದ ಅಧ್ಯಕ್ಷರು ಹೊಸ ಗೋದಾಮಿನ ವಿಷಯವನ್ನು ಸಭೆಯಿಂದ ಸಭೆಗೆ ಮುಂದೂಡುತ್ತಿದ್ದಾರೆ, ಕಾರ್ಯದರ್ಶಿಯಾಗಿ ಹೇಗೆ ನೆರವಾಗಲಿ ಎಂದು ಕೇಳಿದ್ದೀರಿ. ಇಂತಹ ಆಡಳಿತ ಮಂಡಳಿಗಳಿಗೆ ಬಹುಕಾಲ ಟಿಪ್ಪಣಿ ಬರೆದುಕೊಟ್ಟವನಾಗಿ ಹೇಳುವುದಾದರೆ, ವಿಳಂಬದ ಕಾರಣ ಅಧ್ಯಕ್ಷರ ಅಧೈರ್ಯಕ್ಕಿಂತ ಹೆಚ್ಚಾಗಿ ನಾವು ಅವರ ಮುಂದಿಡುವ ಟಿಪ್ಪಣಿಯಲ್ಲೇ ಇರುತ್ತದೆ. ಜಾಗ, ಸಾಲ, ಗುತ್ತಿಗೆ, ಸಾಮರ್ಥ್ಯ ಎಲ್ಲವನ್ನೂ ಒಂದೇ ಠರಾವಿನಲ್ಲಿ ತುಂಬಿ ಒಪ್ಪಿಗೆ ಕೋರಿದರೆ, ಯಾವುದೋ ಒಂದಂಶದ ಬಗ್ಗೆ ಅನುಮಾನವಿದ್ದವರೂ ಇಡೀ ವಿಷಯವನ್ನೇ ಬದಿಗಿಡುತ್ತಾರೆ.

ಒಂದು ವಿಷಯವನ್ನು ಬಿಡಿಸಿ ತೀರ್ಮಾನಿಸುವುದು ಹೇಗೆ ಎಂಬುದಕ್ಕೆ ಕಾವೇರಿಯ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಮೈಸೂರು ಸಂಸ್ಥಾನ ಬಯಸಿದ್ದು 41.5 ಟಿಎಂಸಿ ನೀರು ಹಿಡಿಯುವ ಜಲಾಶಯವನ್ನು. 1892ರ ಒಪ್ಪಂದದಂತೆ ಅದಕ್ಕೆ ಬೇಕಿದ್ದ ಮದರಾಸು ಸರ್ಕಾರದ ಸಮ್ಮತಿ ದೊರೆಯಲಿಲ್ಲ, ಭಾರತ ಸರ್ಕಾರದಿಂದ ಸಿಕ್ಕ ಅನುಮತಿ 11 ಟಿಎಂಸಿಗೆ ಮಾತ್ರ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ ಕೆಲಸ ಆರಂಭವಾಯಿತು. ಆದರೆ ಅಡಿಪಾಯವನ್ನು ಪೂರ್ಣ ಎತ್ತರದ ಕಟ್ಟೆಗೆ ಬೇಕಾಗುವಷ್ಟೇ ಅಗಲವಾಗಿ ಹಾಕಲಾಯಿತು. ಒಮ್ಮೆ ಹಾಕಿದ ಅಡಿಪಾಯವನ್ನು ಆಮೇಲೆ ಅಗಲಿಸುವುದು ಸುಲಭವಲ್ಲ, ಆದರೆ ಎತ್ತರದ ಮಾತನ್ನು ಮುಂದೆ ಬಗೆಹರಿಸಿಕೊಳ್ಳಬಹುದು. ಮಧ್ಯಸ್ಥಗಾರ ಗ್ರಿಫಿನ್ 1914ರಲ್ಲಿ ಕೊಟ್ಟ ತೀರ್ಪು, ಅದರ ವಿರುದ್ಧ ಮದರಾಸಿನ ಮೇಲ್ಮನವಿ ಇವೆಲ್ಲ ದಾಟಿ ಒಪ್ಪಂದವಾದದ್ದು 1924ರಲ್ಲಿ. ಅಡಿಪಾಯದ ತೀರ್ಮಾನ ಅಷ್ಟು ವರ್ಷ ಕಾಯಬೇಕಾಗಲಿಲ್ಲ. (ಮದರಾಸಿನವರಿಗೆ ಈ ಜಾಣತನ ಹಿಡಿಸಲಿಲ್ಲ ಎಂಬುದೂ ನಿಜ, ಆದ್ದರಿಂದ ನಿಮ್ಮ ಉದ್ದೇಶವನ್ನು ನಿರ್ದೇಶಕರಿಂದ ಮುಚ್ಚಿಡಬೇಡಿ.)

ನಿಮ್ಮ ಗೋದಾಮಿನಲ್ಲಿ ಅಡಿಪಾಯದಂತೆ ಆಮೇಲೆ ಸುಲಭವಾಗಿ ಬದಲಿಸಲಾಗದವು ಜಾಗ ಮತ್ತು ಸಾಲ. ಹಾಗಾಗಿ ಇವೆರಡನ್ನು ಬೇರೆಯಾಗಿಟ್ಟು, ಯೋಚಿಸಲು ನಿಧಾನ ಮಾಡಿದರೂ ಚಿಂತೆಯಿಲ್ಲ. ಎಷ್ಟು ಸಾಮರ್ಥ್ಯ ಬೇಕು ಎಂಬುದನ್ನು ಒಂದು ಸುಗ್ಗಿಯ ಮಟ್ಟಿಗೆ ಬಾಡಿಗೆ ಗೋದಾಮು ಹಿಡಿದೇ ತಿಳಿಯಬಹುದು. ಅದಕ್ಕೆ ಮುಂದಿನ ಸಭೆಯಲ್ಲೇ ಒಪ್ಪಿಗೆ ಕೇಳಿ. ಸಣ್ಣದೊಂದು ಠರಾವಿಗೆ ಸಹಿ ಹಾಕಿದ ಅಧ್ಯಕ್ಷರಿಗೆ ಮುಂದಿನದು ಅಷ್ಟು ಭಾರವೆನಿಸದು.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಧ್ಯಕ್ಷರ ನಿಜವಾದ ಭಯ ಗೋದಾಮಿನದಲ್ಲ, ಮುಂದೆ ಮಹಾಸಭೆಯಲ್ಲಿ ಏಳುವ ಪ್ರಶ್ನೆಯದು, ಲೆಕ್ಕಪರಿಶೋಧಕರ ಆಕ್ಷೇಪಣೆಯದು. ಸರಿಯಾಗಿ ಯೋಚಿಸಿ ಮಾಡಿದ ತೀರ್ಮಾನವೂ ಮಳೆ ಕೈಕೊಟ್ಟರೆ ನಷ್ಟ ತರಬಹುದು, ಆಗ ಬೆರಳು ತಿರುಗುವುದು ಅವರ ಕಡೆಗೇ. ಆದ್ದರಿಂದ ಆ ದಿನ ಮಂಡಳಿಯ ಮುಂದೆ ಯಾವ ಮಾಹಿತಿ ಇತ್ತು, ಯಾವ ಪರ್ಯಾಯಗಳು ಚರ್ಚೆಯಾದವು, ಏಕೆ ಇದನ್ನೇ ಆರಿಸಲಾಯಿತು ಎಂಬುದನ್ನು ನಡಾವಳಿಯಲ್ಲಿ ವಿವರವಾಗಿ ದಾಖಲಿಸಿ, ಭಿನ್ನಾಭಿಪ್ರಾಯವನ್ನೂ ಸೇರಿಸಿ. ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಸೂಚಿಸಿದ ಒಂದು ಕ್ರಮವೂ ಇಲ್ಲಿ ಉಪಯುಕ್ತ: ಯೋಜನೆ ಈಗಾಗಲೇ ವಿಫಲವಾಗಿದೆ ಎಂದು ಭಾವಿಸಿ, ಅದಕ್ಕೆ ಕಾರಣಗಳೇನು ಎಂದು ಪ್ರತಿಯೊಬ್ಬರೂ ಬರೆಯುವುದು. ಅಧ್ಯಕ್ಷರ ಎದುರು ಆಡಲಾಗದ ಸಂಶಯಗಳು ಆ ಚೀಟಿಗಳಲ್ಲಿ ಸಲೀಸಾಗಿ ಹೊರಬರುತ್ತವೆ.

ಟಿಪ್ಪಣಿಯ ಕೊನೆಯಲ್ಲಿ, ಈ ಸಲವೂ ಮುಂದೂಡಿದರೆ ಏನು ಕೈತಪ್ಪುತ್ತದೆ, ಎಷ್ಟು ಬಾಡಿಗೆ, ಎಷ್ಟು ದಾಸ್ತಾನು ಹಾಳು ಎಂಬ ಲೆಕ್ಕವನ್ನು ತಪ್ಪದೆ ಕೊಡಿ. ಇಷ್ಟಾದರೂ ಅವರು ಕದಲದಿದ್ದರೆ ಅದು ಅನಿಶ್ಚಯವಲ್ಲ, ಹೇಳಿಕೊಳ್ಳದ ಅಸಮ್ಮತಿ. ಆಗ ಹೊಸ ಟಿಪ್ಪಣಿ ಬರೆಯುವ ಬದಲು ಅವರೊಡನೆ ಏಕಾಂತದಲ್ಲಿ ಕುಳಿತು ನೇರವಾಗಿ ಕೇಳಿ.