ಆದೇಶ ಬಂದು ಹನ್ನೊಂದು ತಿಂಗಳು, ಹಣ ಎಲ್ಲಿ?

ಪ್ರಶ್ನೆ: ಮಾನ್ಯರೇ, ನಾನು ಭೂಸೇನೆಯಲ್ಲಿ 22 ವರ್ಷ, ಅದರಲ್ಲಿ ಬಹುಕಾಲ ಫಿರಂಗಿಗಳ ಬಳಿಯೇ ದುಡಿದು, 2016ರಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಬಿಡುಗಡೆಯ ವೇಳೆ ವೈದ್ಯಕೀಯ ಮಂಡಳಿಯು ಕಿವುಡುತನವನ್ನು ಶೇ 30 ಎಂದು ಬರೆದಿದ್ದರೂ, ಅದಕ್ಕೂ ಸೇವೆಗೂ ಸಂಬಂಧವಿಲ್ಲವೆಂದು ಅಂಗವೈಕಲ್ಯ ಪಿಂಚಣಿಯನ್ನು ನಿರಾಕರಿಸಲಾಯಿತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠದಲ್ಲಿ ನನಗೆ ಜಯವಾಗಿದೆ. ಶೇ 30ರ ನ್ಯೂನತೆಯನ್ನು ಶೇ 50ಕ್ಕೆ ಏರಿಸಿದ ಲೆಕ್ಕದಲ್ಲಿ ನಾಲ್ಕು ತಿಂಗಳೊಳಗೆ ಪಾವತಿಸಬೇಕು, ತಪ್ಪಿದರೆ ಶೇ 8ರ ಬಡ್ಡಿ ಕೊಡಬೇಕು ಎಂಬುದು ಆದೇಶ. ಹನ್ನೊಂದು ತಿಂಗಳಾಯಿತು. ಸೈನಿಕರ ಸೇವಾ ದಾಖಲೆ ಇಡುವ ಸೇನೆಯ ದಾಖಲೆ ಕಚೇರಿಗೆ ಮಗಳು ಫೋನು ಮಾಡಿ, ಅವರು ಹೇಳಿದ್ದನ್ನು ನನಗೆ ಬರೆದು ತೋರಿಸುತ್ತಾಳೆ. ಪ್ರತಿ ಸಲವೂ ಅದೇ ಮಾತು: ‘ಮೇಲಕ್ಕೆ ಕಳಿಸಿದ್ದೇವೆ.’ ಬಾಕಿಯಲ್ಲಿ ಹತ್ತರಲ್ಲೊಂದು ಪಾಲು ಕೊಟ್ಟರೆ ತಿಂಗಳೊಳಗೆ ಮಾಡಿಸಿಕೊಡುವುದಾಗಿ ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಏನು ಮಾಡಲಿ?
– ಮಾಜಿ ಸೈನಿಕ, ಸಿಂಧನೂರು ತಾಲ್ಲೂಕು

ಉತ್ತರ: ಮೊದಲು ಆ ಪರಿಚಿತರ ವಿಷಯ. ನಿಮ್ಮ ಕಡತವನ್ನು ಮುಂದಕ್ಕೆ ಸಾಗಿಸುವ ಯಾವ ದಾರಿಯೂ ಅವರ ಕೈಯಲ್ಲಿಲ್ಲ. ಅವರಿಗೆ ಹಣ ಕೊಡಬೇಡಿ, ಸ್ಪರ್ಶ್ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ) ಖಾತೆಯ ಪಾಸ್‌ವರ್ಡನ್ನಂತೂ ಕೊಡಲೇಬೇಡಿ.

ಹೊಲದ ವ್ಯಾಜ್ಯದಲ್ಲಿ ಡಿಕ್ರಿ ಬಂದ ಮೇಲೂ ಅಮಲ್ಜಾರಿ ಅರ್ಜಿ ಹಾಕದೆ ಕಬ್ಜೆ ಸಿಗದೆಂಬುದು ನಿಮ್ಮ ತಾಲ್ಲೂಕಿನವರಿಗೆ ಹೊಸ ಮಾತಲ್ಲ. ಇಲ್ಲಿಯೂ ಹೆಚ್ಚುಕಡಿಮೆ ಹಾಗೆಯೇ. ಆದೇಶದ ಪ್ರತಿ ದಾಖಲೆ ಕಚೇರಿಗೆ ತಲುಪಿದ ಮೇಲೆ, ಅದನ್ನು ಒಪ್ಪಬೇಕೋ ಪ್ರಶ್ನಿಸಬೇಕೋ ಎಂಬ ಕಾನೂನು ಅಭಿಪ್ರಾಯ ಪಡೆಯಲಾಗುತ್ತದೆ. ಒಪ್ಪುವುದಾದರೆ ದೆಹಲಿಯ ಸೇನಾ ಕೇಂದ್ರ ಕಚೇರಿಯ ಮಟ್ಟದಲ್ಲಿ ಸರ್ಕಾರಿ ಮಂಜೂರಾತಿ ಪತ್ರ ಹೊರಡಬೇಕು. ಅದರ ಆಧಾರದ ಮೇಲೆ ಪ್ರಯಾಗರಾಜ್‌ನ ರಕ್ಷಣಾ ಲೆಕ್ಕಪತ್ರ ಪಿಂಚಣಿ ಕಚೇರಿಯು ತಿದ್ದುಪಡಿ ಮಾಡಿದ ಪಿಂಚಣಿ ಪಾವತಿ ಆದೇಶ (ಪಿ.ಪಿ.ಒ.) ಹೊರಡಿಸಿದ ನಂತರವೇ ಸ್ಪರ್ಶ್ ಮೂಲಕ ನಿಮ್ಮ ಖಾತೆಗೆ ಹಣ ಬರುವುದು. ‘ಮೇಲಕ್ಕೆ ಕಳಿಸಿದ್ದೇವೆ’ ಎಂಬ ಮಾತು ಈ ಮೆಟ್ಟಿಲುಗಳಲ್ಲಿ ಯಾವುದಕ್ಕೂ ಹೊಂದುತ್ತದೆ. ಆದ್ದರಿಂದ ಅದು ಉತ್ತರವೇ ಅಲ್ಲ. ಕಿವಿ ನೆಟ್ಟಗಿದ್ದವರಿಗೂ ಫೋನಿನ ಮಾತಿನಿಂದ ಪ್ರಯೋಜನವಿಲ್ಲ. ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಎರಡೇ ಪ್ರಶ್ನೆ ಕೇಳಿ: ಮಂಜೂರಾತಿ ಪತ್ರ ಹೊರಟಿದೆಯೇ, ಹೊರಟಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕವೇನು? 30 ದಿನಗಳೊಳಗೆ ಬರೆದು ಉತ್ತರಿಸುವುದು ಅವರ ಕರ್ತವ್ಯ.

ಆ ಉತ್ತರಕ್ಕಾಗಿ ಕಾಯುತ್ತ ಮುಖ್ಯ ಕೆಲಸವನ್ನು ನಿಲ್ಲಿಸಬೇಡಿ. ನಾಲ್ಕು ತಿಂಗಳ ಗಡುವು ಎಂದೋ ಮುಗಿದಿರುವುದರಿಂದ, ಆದೇಶ ನೀಡಿದ ಪೀಠದಲ್ಲಿಯೇ ಅಮಲ್ಜಾರಿ ಅರ್ಜಿ ಸಲ್ಲಿಸಬಹುದು. ನ್ಯಾಯಮಂಡಳಿಯ ಆದೇಶ ಜಾರಿಯಾಗತಕ್ಕದ್ದೆಂದು 2007ರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯಿದೆಯ 29ನೇ ಕಲಂ ಹೇಳುತ್ತದೆ. ಹಳೆಯ ವಕೀಲರೇ ಇದನ್ನು ಹಾಕಬಲ್ಲರು. ಇಡೀ ಪ್ರಕರಣವನ್ನು ಮತ್ತೆ ವಾದಿಸುವ ಅಗತ್ಯವಿಲ್ಲ. ನನ್ನ ಅನುಭವದಲ್ಲಿ ಹತ್ತು ನೆನಪೋಲೆಗಳು ಮಾಡದ ಕೆಲಸವನ್ನು ಈ ಅರ್ಜಿಯ ಒಂದು ನೋಟಿಸು ಮಾಡಿದೆ.

ಸರ್ಕಾರ ಮೇಲಕ್ಕೆ ಹೋದರೆ ಎಂಬ ಅಂಜಿಕೆಯೂ ನಿಮಗಿರಬಹುದು. ಸುಪ್ರೀಂ ಕೋರ್ಟಿಗೆ ಹೋಗಲು ಅನುಮತಿ ಬೇಕು. ಹೈಕೋರ್ಟಿನ ರಿಟ್ ದಾರಿಯೂ ತೆರೆದಿದೆಯೆಂದು ಸುಪ್ರೀಂ ಕೋರ್ಟಿನ 2023ರ ತೀರ್ಪು ಹೇಳಿದೆ. ಆದರೆ ಮೇಲ್ಮನವಿ ಹೂಡಿದ ಮಾತ್ರಕ್ಕೆ ಆದೇಶ ನಿಲ್ಲುವುದಿಲ್ಲ, ತಡೆಯಾಜ್ಞೆ ಇರಬೇಕು. ಮೇಲ್ಮನವಿಯ ಫಲಿತಾಂಶಕ್ಕೆ ಒಳಪಟ್ಟ ಷರತ್ತುಬದ್ಧ ಮಂಜೂರಾತಿ ನೀಡಿ, ಸೋತರೆ ಹಣ ಹಿಂದಿರುಗಿಸುವ ಮುಚ್ಚಳಿಕೆಯನ್ನು ಕೇಳುವುದುಂಟು. ಅದಕ್ಕೆ ಸಹಿ ಹಾಕುವುದರಲ್ಲಿ ತಪ್ಪಿಲ್ಲ, ಆದರೆ ಆ ಹಣ ನಂಬಿ ಹೊಲ ಹಿಡಿಯಬೇಡಿ. ಸೇವೆಗೆ ಸೇರುವಾಗ ಕಾಯಿಲೆಯ ನಮೂದಿಲ್ಲದಿದ್ದರೆ ಅದು ಸೇವೆಯಲ್ಲಿಯೇ ಬಂದದ್ದೆಂದು ಭಾವಿಸಬೇಕೆಂಬ 2013ರ ಧರಮ್‌ವೀರ್ ಸಿಂಗ್ ತೀರ್ಪೂ, ಶೇ 50ಕ್ಕಿಂತ ಕಡಿಮೆ ಇರುವ ನ್ಯೂನತೆಯನ್ನು 50ಕ್ಕೆ ಏರಿಸುವ ಸೌಲಭ್ಯ ಅವಧಿ ಮುಗಿಸಿ ನಿವೃತ್ತರಾದವರಿಗೂ ಸಲ್ಲುತ್ತದೆಂಬ 2014ರ ರಾಮ್ ಅವತಾರ್ ತೀರ್ಪೂ ನಿಮ್ಮ ಪರವಾಗಿವೆ.

ಲೆಕ್ಕವನ್ನು ನೀವೇ ಮಾಡಿಟ್ಟುಕೊಳ್ಳಿ. ಶೇ 100 ನ್ಯೂನತೆಗೆ ಕೊನೆಯ ವೇತನದ ಶೇ 30 ಸಲ್ಲುವುದರಿಂದ, ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ 12,000 ಆಗುತ್ತದೆ. ಶೇ 50ಕ್ಕೆ 6,000. ಏರಿಕೆ ಇಲ್ಲದೆ ಶೇ 30ಕ್ಕೇ ನಿಲ್ಲಿಸಿದ್ದರೆ 3,600 ಮಾತ್ರ. ಇದರ ಮೇಲೆ ತುಟ್ಟಿ ಪರಿಹಾರ ಬೇರೆ. ತಡವಾಗಿ ನ್ಯಾಯಮಂಡಳಿಗೆ ಹೋದವರಿಗೆ, 2008ರ ತರ್ಸೆಮ್ ಸಿಂಗ್ ತೀರ್ಪನ್ನು ಅನುಸರಿಸಿ, ಅರ್ಜಿ ಹಾಕುವುದಕ್ಕೆ ಹಿಂದಿನ ಮೂರು ವರ್ಷಗಳ ಬಾಕಿಯನ್ನಷ್ಟೇ ಕೊಟ್ಟ ಆದೇಶಗಳು ಬಹಳ. ನಿಮ್ಮದರಲ್ಲಿ ಯಾವ ದಿನಾಂಕದಿಂದ ಎಂದಿದೆ, ಬಡ್ಡಿ ಯಾವ ದಿನದಿಂದ ಏರುತ್ತದೆ ಎಂಬುದನ್ನು ಕೊನೆಯ ಪುಟದಲ್ಲಿ ನೋಡಿ ಗುರುತು ಹಾಕಿಕೊಳ್ಳಿ. ಬಾಕಿ ಬಂದರೂ ಬಡ್ಡಿಯನ್ನು ಬಿಟ್ಟಿರುವುದನ್ನು ನಾನು ಕಂಡಿದ್ದೇನೆ.

ಮತ್ತೊಂದು ಸಣ್ಣ ಸಂಗತಿ, ಆದರೆ ನಮ್ಮ ಭಾಗದವರನ್ನು ಬಹಳ ಕಾಡುವಂಥದ್ದು. ಮೂವತ್ತು ವರ್ಷಗಳ ಹಿಂದೆ ಭರ್ತಿಯ ದಿನ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಹೆಸರಿನಲ್ಲಿ ಯಮನೂರಪ್ಪ ‘ಯಮನಪ್ಪ’ ಆಗಿರುತ್ತಾನೆ, ಆಧಾರ್‌ನಲ್ಲಿ ಮೂರನೆಯದೇ ರೂಪ ಇರುತ್ತದೆ. ಪಿ.ಪಿ.ಒ., ಆಧಾರ್ ಮತ್ತು ಬ್ಯಾಂಕ್ ಪಾಸ್‌ಪುಸ್ತಕಗಳಲ್ಲಿ ಹೆಸರು, ಜನ್ಮದಿನಾಂಕ ಒಂದೇ ಇವೆಯೇ ಎಂದು ಈಗಲೇ ನೋಡಿ. ವ್ಯತ್ಯಾಸವಿದ್ದರೆ ಸಾಮಾನ್ಯ ಸೇವಾ ಕೇಂದ್ರದ ಮೂಲಕ ಸ್ಪರ್ಶ್‌ನಲ್ಲಿ ತಿದ್ದುಪಡಿಗೆ ಕೋರಿಕೆ ಸಲ್ಲಿಸಿ. ಜೀವಂತ ಪ್ರಮಾಣಪತ್ರವನ್ನೂ ತಪ್ಪಿಸಬೇಡಿ.

ಪ್ರಶ್ನೆ: ನನ್ನ ಯಜಮಾನರಿಗೂ ಇಂಥದೇ ಆದೇಶವಾಗಿತ್ತು. ಹಣ ಬರುವ ಮೊದಲೇ ತೀರಿಕೊಂಡರು. ಇನ್ನು ಅದು ಮುಗಿದ ಮಾತೇ?
– ಓದುಗರು, ಯಲಬುರ್ಗಾ

ಉತ್ತರ: ಇಲ್ಲ, ತಾಯಿ. ಅವರು ಬದುಕಿದ್ದ ಕೊನೆಯ ದಿನದವರೆಗಿನ ಬಾಕಿ ಅವರದೇ ಹಣ. ನಾಮನಿರ್ದೇಶನವಿದ್ದರೆ ಅದರಲ್ಲಿ ಹೆಸರಿರುವವರಿಗೆ, ಇಲ್ಲದಿದ್ದರೆ ವಾರಸುದಾರರಿಗೆ ಸೇರಬೇಕು. ಮರಣ ಪ್ರಮಾಣಪತ್ರ ಮತ್ತು ಆದೇಶದ ದೃಢೀಕೃತ ಪ್ರತಿಯೊಂದಿಗೆ ದಾಖಲೆ ಕಚೇರಿಗೆ ನೋಂದಾಯಿತ ಅಂಚೆಯಲ್ಲಿ ಬರೆಯಿರಿ. ಅಮಲ್ಜಾರಿ ಅರ್ಜಿ ಈಗಾಗಲೇ ಇದ್ದರೆ ಅದರಲ್ಲಿ ವಾರಸುದಾರರ ಹೆಸರು ಸೇರಿಸುವಂತೆ ವಕೀಲರಿಗೆ ಹೇಳಿ. ಕುಟುಂಬ ಪಿಂಚಣಿಯ ಹಕ್ಕು ಇದರಿಂದ ಬೇರೆಯದು. ಆದೇಶದಲ್ಲಿ ಹೇಳಿದ ಕಾಯಿಲೆಯೇ ಸಾವಿಗೂ ಕಾರಣವಾಗಿದ್ದರೆ ಹೆಚ್ಚಿನ ದರದ ವಿಶೇಷ ಕುಟುಂಬ ಪಿಂಚಣಿಯನ್ನು ಕೇಳಲು ಅವಕಾಶವಿರುವುದರಿಂದ, ಆಸ್ಪತ್ರೆಯ ಕಾಗದಗಳನ್ನು ಒಂದೂ ಬಿಡದೆ ತೆಗೆದಿರಿಸಿಕೊಳ್ಳಿ.