ಫೆಡೋರಾ 42ರಲ್ಲಿ ನೋಡದೆ 42 ಎಂದು ಬರೆಯಬೇಡಿ

'ರ‍್ಯಾಂಕ್' ಪದ ತಪ್ಪಾಗಿ ಮೂಡುವ ಬಗ್ (ತಂತ್ರಾಂಶದ ದೋಷ) ಕುರಿತು ಮೇಲೆ ಬರೆದವರಿಗೆ: 2025ರ ಮೇ 13ಕ್ಕೆ ಫೆಡೋರಾ ಲಿನಕ್ಸ್‌ನ 40ನೇ ಆವೃತ್ತಿಯ ಬೆಂಬಲ ನಿಲ್ಲುತ್ತದೆ ಎಂಬ ಬಾಟ್‌ನ ಟಿಪ್ಪಣಿ ನೋಡಿದ ಕೂಡಲೇ ನೀವು ನಿಮ್ಮ ಬಗ್ ವರದಿಯಲ್ಲಿನ ಆವೃತ್ತಿಯನ್ನು 40ರಿಂದ 42ಕ್ಕೆ ಬದಲಿಸಿದ್ದೀರಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇರುವುದು ಇನ್ನೂ 40 ಎಂದು ನೀವೇ ಹೇಳಿದ್ದೀರಿ. ದಯವಿಟ್ಟು ಆ ಬದಲಾವಣೆಯನ್ನು ಈಗಲೇ ಹಿಂದಕ್ಕೆ ಪಡೆಯಿರಿ.

ಕಾರಣ ಇದೆ. ಪ್ಯಾಕೇಜ್ ನೋಡಿಕೊಳ್ಳುವವರು 42ರಲ್ಲಿ ಆ ಪದ ಬರೆದು ನೋಡುತ್ತಾರೆ. ಸರಿಯಾಗಿ ಬಂದರೆ 'ನಮ್ಮಲ್ಲಿ ಕಾಣುತ್ತಿಲ್ಲ' ಎಂದು ಮುಚ್ಚುತ್ತಾರೆ. ಆಮೇಲೆ ನೀವು ಎಷ್ಟು ವಿವರ ಕೊಟ್ಟರೂ ವರದಿಯ ಮೇಲಿನ ನಂಬಿಕೆ ಹೋಗಿರುತ್ತದೆ. ಒಂದು ಕನ್ನಡ ಫಾಂಟ್‌ನ ಬಗ್ ಹೀಗೇ ಆವೃತ್ತಿಯಿಂದ ಆವೃತ್ತಿಗೆ ದಾಟುತ್ತಾ ಹೋದುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಪ್ರತಿ ಸಲ ಯಾರೋ ಸಂಖ್ಯೆ ಏರಿಸುವುದು, ಕೆಳಗೆ 'ನನಗೂ ಹೀಗೇ' ಎಂದು ನಾಲ್ಕು ಜನ ಸೇರಿಸುವುದು. ಯಾವ ಫಾಂಟ್, ಯಾವ ಪ್ಯಾಕೇಜ್, ಯಾವ ಕೀಲಿಮಣೆ ವಿನ್ಯಾಸ ಎಂದು ಒಬ್ಬರೂ ಬರೆಯಲಿಲ್ಲ. ಕೊನೆಗೆ ಅದನ್ನು ಓದುವವರೇ ಇಲ್ಲವಾದರು. ಬಗ್ ಮಾತ್ರ ಹಾಗೆಯೇ ಉಳಿಯಿತು.

ಬಾಟ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಫೆಡೋರಾದ ಒಂದು ಆವೃತ್ತಿಗೆ ಬೆಂಬಲ ಸಿಗುವುದು ಸುಮಾರು 13 ತಿಂಗಳು. ಅದರ ಮುಂದಿನ ಎರಡನೇ ಆವೃತ್ತಿ ಬಂದ ನಾಲ್ಕು ವಾರಕ್ಕೆ ಅದು ಮುಗಿಯುತ್ತದೆ. 42 ಬಂದದ್ದು 2025ರ ಏಪ್ರಿಲ್ 15ಕ್ಕೆ, ಲೆಕ್ಕ ಹಾಕಿಕೊಳ್ಳಿ, ಮೇ 13 ಬರುತ್ತದೆ. ಬೆಂಬಲ ಮುಗಿದಾಗ ತೆರೆದೇ ಇರುವ ಆ ಆವೃತ್ತಿಯ ವರದಿಗಳನ್ನೆಲ್ಲ 'ಇಒಎಲ್' (ಆಯುಷ್ಯ ಮುಗಿದದ್ದು) ಎಂದು ಮುಚ್ಚುತ್ತಾರೆ. ಬಗ್ ಸರಿಹೋಯಿತು ಎಂದು ಅದರ ಅರ್ಥವಲ್ಲ, ಆ ಆವೃತ್ತಿಗೆ ಇನ್ನು ಅಪ್‌ಡೇಟ್ ಬರುವುದಿಲ್ಲ ಎಂದಷ್ಟೇ. ಎಚ್ಚರಿಕೆಗೂ ಮುಚ್ಚುವುದಕ್ಕೂ ನಡುವೆ ಸಿಗುವ ದಿನಗಳು ಪರೀಕ್ಷೆಗಾಗಿಯೇ ಇವೆ.

ಈಗ ಮಾಡಬೇಕಾದ ಕೆಲಸ. 42ರ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮಾಡಬೇಕಿಲ್ಲ. ಆದರೆ ಆ ಇಮೇಜ್‌ನಲ್ಲಿರುವುದು ಬಿಡುಗಡೆಯ ದಿನದ ಪ್ಯಾಕೇಜ್‌ಗಳು. ಹಾರ್ಫ್‌ಬಜ್ (ಅಕ್ಷರಗಳನ್ನು ಜೋಡಿಸಿ ಮೂಡಿಸುವ ತಂತ್ರಾಂಶ), ಫಾಂಟ್, ಕನ್ನಡ ಟೈಪ್ ಮಾಡಲು ಬಳಸುವ ಐಬಸ್ ಮತ್ತು ಎಂ17ಎನ್ ಇಷ್ಟನ್ನಾದರೂ ಅಲ್ಲೇ ಅಪ್‌ಡೇಟ್ ಮಾಡಿದ ಮೇಲೆ ನೋಡಿ. ಮೆಮೊರಿ ಕಡಿಮೆ ಇದ್ದರೆ ಪೂರ್ತಿ ಸಿಸ್ಟಮ್ ಅಪ್‌ಡೇಟ್‌ಗೆ ಕೈ ಹಾಕಬೇಡಿ, ಲೈವ್ ಸೆಷನ್ ನಿಂತುಹೋಗುತ್ತದೆ.

ಮುಂದಿನದು ಎಲ್ಲಕ್ಕಿಂತ ಮುಖ್ಯ, ಬಗ್ ಯಾರ ಮನೆಯದು ಎಂದು ಹಿಡಿಯುವುದು. 'ರ‍್ಯಾ' ಮೂಡಬೇಕಾದರೆ ರ, ಆಮೇಲೆ ಜೆಡ್‌ಡಬ್ಲ್ಯುಜೆ (ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ, ಜೀರೋ ವಿಡ್ತ್ ಜಾಯ್ನರ್), ಆಮೇಲೆ ಹಲಂತ ಚಿಹ್ನೆ, ಆಮೇಲೆ ಯ, ಈ ಕ್ರಮದಲ್ಲೇ ಇರಬೇಕು. ಜೆಡ್‌ಡಬ್ಲ್ಯುಜೆ ಇಲ್ಲದಿದ್ದರೆ ಅರ್ಕಾವತ್ತು ಬಂದು 'ರ್ಯಾ' ಆಗುತ್ತದೆ, ಅದು ಬಗ್ ಅಲ್ಲವೇ ಅಲ್ಲ. ಪದವನ್ನು ಕಡತದಲ್ಲಿ ಉಳಿಸಿ, ಅದರ ಬೈಟ್‌ಗಳನ್ನು ತೋರಿಸುವ ಹೆಕ್ಸ್‌ಡಂಪ್‌ನಲ್ಲಿ (hexdump -C) ತೆರೆಯಿರಿ. ರ ಅಕ್ಷರದ ಇ0 ಬಿ2 ಬಿ0 ಆದ ಕೂಡಲೇ ಇ2 80 8ಡಿ ಕಾಣಬೇಕು. ಕಾಣದಿದ್ದರೆ ಒಂದೋ ನೀವು ಒತ್ತಿದ ಕೀಲಿ ತಪ್ಪು, ಇಲ್ಲವೇ ಕೀಲಿಮಣೆ ವಿನ್ಯಾಸದ ದೋಷ. ಕಂಡರೆ ಅದೇ ಪದವನ್ನೂ ಅದೇ ಫಾಂಟ್ ಕಡತವನ್ನೂ ಎಚ್‌ಬಿ-ವ್ಯೂಗೆ (ಹಾರ್ಫ್‌ಬಜ್‌ನದೇ ಪರೀಕ್ಷಾ ಸಾಧನ) ಕೊಡಿ. ಅಲ್ಲಿ ಸರಿಯಾಗಿ ಮೂಡಿದರೆ ಪದಸಂಸ್ಕಾರಕವನ್ನು ಅನುಮಾನಿಸಿ. ಅಲ್ಲೂ ಕೆಟ್ಟು, ಬೇರೆ ಕನ್ನಡ ಫಾಂಟ್‌ನಲ್ಲಿ ಸರಿಯಾದರೆ ಫಾಂಟ್ ಅನ್ನು ಅನುಮಾನಿಸಿ. ಎಲ್ಲ ಫಾಂಟ್‌ನಲ್ಲೂ ಕೆಟ್ಟರೆ ಹಾರ್ಫ್‌ಬಜ್‌ನವರಿಗೆ ತಿಳಿಸಿ, ಆದರೆ ಅದಕ್ಕೂ ಮೊದಲು ಕಡತವನ್ನು ಇನ್ನೊಮ್ಮೆ ಪರೀಕ್ಷಿಸಿ.

ಫಾಂಟ್‌ನದೋ ಹಾರ್ಫ್‌ಬಜ್‌ನದೋ ಎಂದು ಗೊತ್ತಾದರೆ ಅದನ್ನು ತಯಾರಿಸುವ ಮೂಲ ಯೋಜನೆಯಲ್ಲೇ ವರದಿ ಹಾಕಿ, ಅದರ ಕೊಂಡಿಯನ್ನು ಫೆಡೋರಾದ ಬಗ್ ವರದಿಗಳಿರುವ ಬಗ್‌ಜಿಲ್ಲಾದಲ್ಲಿ ಸೇರಿಸಿ. ಆಗ ಫೆಡೋರಾದ ವರದಿ ಮುಚ್ಚಿದರೂ ಕೆಲಸ ನಿಲ್ಲುವುದಿಲ್ಲ. 42ರಲ್ಲೂ ಬಗ್ ಕಂಡರೆ ಆವೃತ್ತಿ ಬದಲಿಸಿ, ಪ್ಯಾಕೇಜ್‌ಗಳ ಪೂರ್ತಿ ಸಂಖ್ಯೆ ಮತ್ತು ಎಚ್‌ಬಿ-ವ್ಯೂ ಚಿತ್ರದ ಜೊತೆ ಬರೆಯಿರಿ. ಆವೃತ್ತಿಯ ಚೌಕ ಕೆಲವರಿಗೆ ಕಾಣುವುದೇ ಇಲ್ಲ, ಹೆಚ್ಚುವರಿ ಚೌಕಗಳನ್ನು ತೋರಿಸುವ ಗುಂಡಿ ಒತ್ತಬೇಕು. ಮುಚ್ಚಿಹೋದ ಮೇಲೂ ಅದನ್ನೇ ಮತ್ತೆ ತೆರೆಯಬಹುದು. ತೆರೆಯಲು ಆಗದಿದ್ದರೆ ಮಾತ್ರ ಹೊಸದು ಹಾಕಿ, ಹಳೆಯದರ ಸಂಖ್ಯೆ ಕೊಡಿ. ಹಳೆಯ ಪಠ್ಯವನ್ನೇ ನಕಲು ಮಾಡಿ ಅಂಟಿಸಬೇಡಿ. 42ರಲ್ಲಿ ಸರಿಯಿದ್ದರೆ ಹಾಗೆಂದು ಬರೆದು ನೀವೇ ಮುಚ್ಚಿ. ಅದೂ ದೊಡ್ಡ ಉಪಕಾರ, ಯಾರೂ ಮಾಡುವುದಿಲ್ಲ.

ಈ ವಿಷಯದಲ್ಲಿ ನನಗೆ ಇನ್ನೊಂದು ಲಿನಕ್ಸ್ ಆದ ಡೆಬಿಯನ್‌ನ ಪದ್ಧತಿ ಹೆಚ್ಚು ಇಷ್ಟ. ಬಗ್ ಯಾವ ಪ್ಯಾಕೇಜ್ ಸಂಖ್ಯೆಯಲ್ಲಿ ಕಂಡಿತು, ಯಾವುದರಲ್ಲಿ ಸರಿಹೋಯಿತು ಎಂದು ಅಲ್ಲಿ ದಾಖಲಾಗುತ್ತದೆ. ಕಚೇರಿ ಕೆಲಸದ ಯಂತ್ರಕ್ಕೆ ಫೆಡೋರಾ ಹಾಕಿಕೊಂಡು ವರ್ಷಕ್ಕೊಮ್ಮೆ ಹೀಗೆ ಪರದಾಡುವವರು ಡೆಬಿಯನ್ ಸ್ಟೇಬಲ್ ಅಥವಾ ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಹಾಕಿಕೊಳ್ಳಲಿ. ಉಬುಂಟುವಿನ ನಡುವಿನ ಆವೃತ್ತಿಗಳು ಬೇಡ, ಅವಕ್ಕೆ ಒಂಬತ್ತೇ ತಿಂಗಳು.

ಇನ್ನೊಂದು, ನಿಮ್ಮ ಪದಸಂಸ್ಕಾರಕ ಫೆಡೋರಾದ ಪ್ಯಾಕೇಜ್ ಅಲ್ಲದೆ ಫ್ಲ್ಯಾಟ್‌ಹಬ್ ಎಂಬ ಆ್ಯಪ್ ತಾಣದಿಂದ ಬಂದದ್ದೇ ಎಂದು ಸಾಫ್ಟ್‌ವೇರ್ ಆ್ಯಪ್‌ನಲ್ಲಿ ನೋಡಿ. ಹೌದಾದರೆ ಅದು ತನ್ನದೇ ಹಾರ್ಫ್‌ಬಜ್ ಬಳಸುತ್ತಿರುತ್ತದೆ, ಫೆಡೋರಾದ ಹಾರ್ಫ್‌ಬಜ್ ಮೇಲಿನ ವರದಿಗೂ ಅದಕ್ಕೂ ಸಂಬಂಧವೇ ಇಲ್ಲ. 42ಕ್ಕೆ ಏರುವ ಮೊದಲು 40ರ ಪ್ಯಾಕೇಜ್ ಪಟ್ಟಿಯನ್ನೂ ಕೆಟ್ಟು ಮೂಡಿದ ಪದದ ಚಿತ್ರವನ್ನೂ ಉಳಿಸಿಕೊಳ್ಳಿ. ಹೆಕ್ಸ್‌ಡಂಪ್‌ನ ಆ ಸಾಲು ಸಿಕ್ಕರೆ ಇಲ್ಲಿಯೇ ಹಾಕಿ, ನೋಡುತ್ತೇನೆ.