ಸಾವಿರ ಕೋಶ ಎಣಿಸಿದರೂ ಕಲ್ಚರ್ ಎರಡೇ ಅಲ್ವಾ?

ಪ್ರಶ್ನೆ: ವರ್ಣತಂತುವಿಗೆ ಪೆಟ್ಟು ಬಿದ್ದಾಗ ಕೋಶದಲ್ಲಿ ಕಾಣುವ ಪುಟ್ಟ ನ್ಯೂಕ್ಲಿಯಸ್‌ಗಳನ್ನು ಹುಡುಕುವ ಮೈಕ್ರೋನ್ಯೂಕ್ಲಿಯಸ್ ಪರೀಕ್ಷೆಯಲ್ಲಿ ಕೋಶ ವಿಭಜನೆಯ ಸೂಚ್ಯಂಕ, ಅಂದರೆ ಸಿಬಿಪಿಐ, ರಾಸಾಯನಿಕ ಹಾಕದ ಕಂಟ್ರೋಲ್‌ನಲ್ಲಿ 1.80 ಬಂತು, ರಾಸಾಯನಿಕ ಹಾಕಿದ ಕಡೆ 1.60. ಇಳಿಕೆ ಶೇ 11 ಮಾತ್ರ. ಆದರೆ ಎರಡೆರಡು ಕಲ್ಚರ್‌ನಿಂದ (ಬೇರೆ ಬೇರೆ ಫ್ಲಾಸ್ಕಿನಲ್ಲಿ ಬೆಳೆಸಿದ ಕೋಶಗಳಿಂದ) ತಲಾ 500ರಂತೆ ಸಾವಿರ ಕೋಶ ಎಣಿಸಿ ಟಿ-ಟೆಸ್ಟ್ ಮಾಡಿದರೆ ಪಿ ಮೌಲ್ಯ (ನಿಜವಾದ ಪರಿಣಾಮ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.001ಕ್ಕಿಂತ ಕಡಿಮೆ. ಯಾವುದನ್ನು ನಂಬಲಿ?

ಉತ್ತರ: ಎರಡನ್ನೂ ನಂಬಬೇಡಿ.

ಮೊದಲು ಆ ಶೇ 11 ನೋಡೋಣ. ಈ ಪರೀಕ್ಷೆಯಲ್ಲಿ ಕೋಶ ಒಡೆಯುವುದನ್ನು ತಡೆಯುವ ಸೈಟೊಕಲಾಸಿನ್ ಬಿ ಹಾಕಿದಾಗ ನ್ಯೂಕ್ಲಿಯಸ್ ಎರಡಾಗುತ್ತದೆ, ಕೋಶ ಮಾತ್ರ ಒಡೆಯದೆ ಹಾಗೇ ಉಳಿಯುತ್ತದೆ. ಒಂಟಿ ನ್ಯೂಕ್ಲಿಯಸ್ ಇದ್ದರೆ 1 ಅಂಕ, ಜೋಡಿಗೆ 2, ಅದಕ್ಕಿಂತ ಜಾಸ್ತಿ ಇದ್ದರೆ 3. ಇವುಗಳ ಸರಾಸರಿಯೇ ಸಿಬಿಪಿಐ. ಒಂದು ಕೋಶವೂ ವಿಭಜನೆ ಆಗದಿದ್ದರೂ ಸೂಚ್ಯಂಕ 1 ಇರುತ್ತದೆ, ಸೊನ್ನೆ ಅಲ್ಲ. ಹಾಗಾಗಿ ಎರಡರಲ್ಲೂ 1 ಕಳೆಯಬೇಕು. ಉಳಿಯುವುದು 0.80 ಮತ್ತು 0.60. ಅಂದರೆ ವಿಭಜನೆ ಶೇ 25ರಷ್ಟು ತಗ್ಗಿದೆ. ಶೇ 11 ಎಂದು ಬರೆದರೆ ವಿಷದ ಪರಿಣಾಮವನ್ನು ಅರ್ಧಕ್ಕೂ ಕಡಿಮೆ ಮಾಡಿ ತೋರಿಸಿದಂತೆ.

ಇನ್ನು ಪಿ ಮೌಲ್ಯ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ಒಂದೇ ಫ್ಲಾಸ್ಕಿನ 500 ಕೋಶಗಳು ಒಂದೇ ಮೀಡಿಯಂ, ಒಂದೇ ಪಿಪೆಟ್ಟಿನ ಹನಿ, ಒಂದೇ ಬಿಸಿ ಹಂಚಿಕೊಂಡಿವೆ. ಅವು 500 ಬೇರೆ ಬೇರೆ ಪ್ರಯೋಗಗಳಲ್ಲ. ರಾಸಾಯನಿಕ ಕೊಟ್ಟದ್ದು ಕಲ್ಚರ್‌ಗೆ, ಆದ್ದರಿಂದ ಲೆಕ್ಕದ ಘಟಕವೂ ಕಲ್ಚರ್. ಉದಾಹರಣೆಗೆ, ನಿಮ್ಮ ಕಂಟ್ರೋಲ್‌ಗಳು 1.72 ಮತ್ತು 1.88, ಇನ್ನೆರಡು 1.66 ಮತ್ತು 1.54 ಅಂದುಕೊಳ್ಳಿ. ಸರಾಸರಿ ಅದೇ 1.80, 1.60. ಈ ನಾಲ್ಕು ಸಂಖ್ಯೆಗಳ ಮೇಲೆ ಟಿ-ಟೆಸ್ಟ್ ಮಾಡಿದರೆ ಪಿ ಮೌಲ್ಯ ಸುಮಾರು 0.18! ಇದರರ್ಥ ಪರಿಣಾಮ ಇಲ್ಲ ಅಂತಲ್ಲ. ಎರಡೆರಡು ಕಲ್ಚರ್‌ನಿಂದ ಹೇಳಲು ಆಗುವುದು ಅಷ್ಟೇ.

ಹಾಗಾದರೆ ಜಾಸ್ತಿ ಕೋಶ ಎಣಿಸುವುದು ಸುಮ್ನೆ ಕೆಲಸವೇ? ಅಲ್ಲ. ಈ ಪರೀಕ್ಷೆಗೆ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಕೊಟ್ಟ 487ನೇ ಮಾರ್ಗಸೂಚಿ ಪ್ರತಿ ಕಲ್ಚರ್‌ಗೆ ಕನಿಷ್ಠ 500 ಕೋಶ ಕೇಳುತ್ತದೆ. ಅದರಿಂದ ಆ ಕಲ್ಚರ್‌ನ ಸೂಚ್ಯಂಕ ನಿಖರವಾಗುತ್ತದೆ. ಕಲ್ಚರ್‌ಗಳ ನಡುವಿನ ಏರುಪೇರು ಮಾತ್ರ ಕಲ್ಚರ್ ಹೆಚ್ಚಿಸಿದರೆ, ಪ್ರಯೋಗ ಮತ್ತೆ ಮಾಡಿದರೆ ತಿಳಿಯುತ್ತದೆ.

ಇನ್ನೊಂದು ಮಾತು. ಇಲ್ಲಿ ಪಿ ಮೌಲ್ಯಕ್ಕಿಂತ ಆ ಶೇ 25 ಮುಖ್ಯ. ವಿಭಜನೆ ಆಗದ ಕೋಶದಲ್ಲಿ ವರ್ಣತಂತುವಿಗೆ ಪೆಟ್ಟು ಬಿದ್ದಿದ್ದರೂ ಮೈಕ್ರೋನ್ಯೂಕ್ಲಿಯಸ್ ಆಗಿ ಕಾಣುವುದಿಲ್ಲ. ವಿಷ ತೀರಾ ಜಾಸ್ತಿಯಾದರೆ ಕೋಶ ಸಾಯುವ ಗಲಾಟೆಯಲ್ಲೇ ಮೈಕ್ರೋನ್ಯೂಕ್ಲಿಯಸ್ ಹುಟ್ಟಬಹುದು. ಅದಕ್ಕೇ ವಿಷಕಾರಿ ವಸ್ತುವಾದರೆ ಅತಿ ಹೆಚ್ಚಿನ ಡೋಸ್‌ನಲ್ಲಿ ವಿಭಜನೆಯಲ್ಲಿ ಶೇ 55, ಐದು ಆಚೀಚೆ, ಇಳಿಕೆ ಬರಬೇಕು ಎನ್ನುತ್ತದೆ ಮಾರ್ಗಸೂಚಿ. ನಿಮ್ಮದು ಕೊನೆಯ ಡೋಸ್ ಆಗಿದ್ದು, ವಸ್ತು ಇನ್ನೂ ಕರಗುತ್ತದೆ, ಗರಿಷ್ಠ ಸಾಂದ್ರತೆಯ ಮಿತಿಯೂ ಮುಟ್ಟಿಲ್ಲ ಎಂದಾದರೆ, ಡೋಸ್ ಇನ್ನೂ ಏರಿಸಿ ನೋಡಿ. ವರದಿಯಲ್ಲಿ ಸರಾಸರಿ ಮಾತ್ರ ಕೊಡಬೇಡಿ, ಪ್ರತಿ ಕಲ್ಚರ್‌ನ ಒಂಟಿ, ಜೋಡಿ, ಬಹು ನ್ಯೂಕ್ಲಿಯಸ್ ಎಣಿಕೆಯನ್ನೂ ಹಾಕಿ.